ಅರಮನೆಯ ದೆವ್ವ, ಬಾಯ್ಲರಿನ ದೆವ್ವ

ಸಂಘದ ಬೇಸಿಗೆ ಪ್ರವಾಸ ಈ ಸಲ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಎಂದು ಗೊತ್ತಾದ ದಿನದಿಂದ ಕನ್ನಡ ತರಗತಿಯ ಮಕ್ಕಳ ಪ್ರಶ್ನೆ ಒಂದೇ: "ಆಂಟಿ, ಅಲ್ಲಿ ದೆವ್ವ ಇದೆಯಂತೆ, ನಿಜವಾ?" ತೋಟ, ಹಳೆಯ ದ್ರಾಕ್ಷಿಬಳ್ಳಿ, ಎಂಟನೆಯ ಹೆನ್ರಿಯ ಅಡುಗೆಮನೆ ಯಾವುದೂ ಅವರಿಗೆ ಬೇಡ. ರಸಾಯನಶಾಸ್ತ್ರದವಳನ್ನು ದೆವ್ವದ ವಿಷಯ ಕೇಳುವುದೆಂದರೆ ಅಡುಗೆಭಟ್ಟರನ್ನು ಏಕಾದಶಿಯ ವಿಷಯ ಕೇಳಿದಂತೆ. ಆದರೂ ಈ ಬಾರಿಯ ಅಂಕಣ ಅದಕ್ಕೇ ಮೀಸಲು. ಕಾರಣ ಮುಂದೆ ತಿಳಿಯುತ್ತದೆ.

ಮೊದಲು ಕಥೆ. ಹೆನ್ರಿಯ ಐದನೆಯ ಹೆಂಡತಿ ಕ್ಯಾಥರಿನ್ ಹೋವರ್ಡ್. ಅವಳಿನ್ನೂ ಹುಡುಗಿ, ಗಂಡನಿಗೆ ಐವತ್ತು. 1541ರ ನವೆಂಬರಿನಲ್ಲಿ ನಡತೆಗೆಟ್ಟವಳೆಂಬ ಆರೋಪ ಹೊರಿಸಿ ಇದೇ ಅರಮನೆಯ ಕೋಣೆಗಳಲ್ಲಿ ಅವಳನ್ನು ಕಾವಲಿನಲ್ಲಿಟ್ಟರು. ಅವಳು ತಪ್ಪಿಸಿಕೊಂಡು, ಪ್ರಾರ್ಥನಾಮಂದಿರದಲ್ಲಿದ್ದ ರಾಜನ ಕಾಲಿಗೆ ಬೀಳಲು ಓಣಿಯುದ್ದಕ್ಕೂ ಓಡಿದಳಂತೆ. ಕಾವಲುಗಾರರು ಹಿಡಿದು, ಚೀರುತ್ತಿದ್ದವಳನ್ನು ಎಳೆದೊಯ್ದರಂತೆ. 1542ರ ಫೆಬ್ರವರಿ 13ರಂದು ಲಂಡನ್ ಟವರಿನಲ್ಲಿ ಅವಳ ತಲೆ ಕಡಿದರು. ಆ ಚೀರಾಟ ಈಗಲೂ ಕೇಳುತ್ತದೆಂದು ಜನ ಹೇಳುವ ಓಣಿಗೆ 'ಹಾಂಟೆಡ್ ಗ್ಯಾಲರಿ' ಎಂದೇ ಹೆಸರು.

ಇಲ್ಲೊಂದು ಸ್ವಾರಸ್ಯವಿದೆ. ಅವಳು ಹಾಗೆ ಓಡಿದಳೆಂಬುದಕ್ಕೆ ಆ ಕಾಲದ ದಾಖಲೆಯಿಲ್ಲ. ಓಡಿದ್ದು ಕಟ್ಟುಕಥೆ ಇರಬಹುದು. ತಲೆ ಹೋದದ್ದು ಮಾತ್ರ ಕಟ್ಟುಕಥೆಯಲ್ಲ. ನಮ್ಮ ತಲಕಾಡಿನ ಅಲಮೇಲಮ್ಮನ ಶಾಪವನ್ನೇ ನೋಡಿ. ಮರಳಿನ ರಾಶಿಗೆ ಹೊಳೆ, ಗಾಳಿಗಳ ಕಾರಣ ಕೊಡಬಹುದು. ಆದರೆ ಒಡವೆಗಾಗಿ ಬೆನ್ನಟ್ಟಿ ಬಂದವರ ಕೈಗೆ ಸಿಗದೆ ಕಾವೇರಿಗೆ ಹಾರಿದಳೆಂಬ ಆ ಹೆಂಗಸನ್ನು ಜನ ಮರೆಯಲು ಒಪ್ಪಿಲ್ಲ. ದೆವ್ವದ ಕಥೆಯ ಈ ಭಾಗಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ.

ಆದರೆ ಮೈ ಜುಮ್ಮೆನ್ನುವುದು, ಯಾರೋ ಹಿಂದೆ ನಿಂತಂತಾಗುವುದು, ಇದ್ದಕ್ಕಿದ್ದಂತೆ ಚಳಿ ಹಿಡಿಯುವುದು, ಇವು ಬೇರೆ ಮಾತು. ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಹ್ಯಾಂಪ್ಟನ್ ಕೋರ್ಟಿಗೆ ಬಂದವರ ಕೈಗೆ ನಕ್ಷೆ ಕೊಟ್ಟು, ಏನಾದರೂ ವಿಚಿತ್ರ ಅನಿಸಿದ ಕಡೆ ಗುರುತು ಹಾಕಲು ಹೇಳಿದರು. ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ಹೆಚ್ಚು ಗುರುತು ಬಿದ್ದದ್ದು ದೆವ್ವದ ಹೆಸರಿದ್ದ ಜಾಗಗಳಲ್ಲೇ. ಯಾವ ಜಾಗಕ್ಕೆ ಹೆಸರಿದೆ ಎಂದು ಮೊದಲೇ ತಿಳಿದಿತ್ತೆ ಎಂಬುದರಿಂದ ಇದನ್ನು ವಿವರಿಸಲಾಗಲಿಲ್ಲ. ಅಂದರೆ ಆ ಜಾಗದಲ್ಲೇ ಏನೋ ಇದೆ. ಏನು? ಹಳೆಯ, ಮರೆಯಾದ ಬಾಗಿಲುಗಳ ಸಂದಿನಿಂದ ನುಗ್ಗುವ ತಣ್ಣನೆ ಗಾಳಿ ಒಂದು. ಬೆಳಕು, ಜಾಗದ ಆಕಾರ ಇತ್ಯಾದಿ ಉಳಿದವು. ಕಿವಿಗೆ ಕೇಳದ ಮಂದ್ರ ಕಂಪನದಿಂದ ದೆವ್ವ ಕಾಣುತ್ತದೆ ಎಂದು ಕವೆಂಟ್ರಿಯ ವಿಕ್ ಟ್ಯಾಂಡಿ 1998ರಲ್ಲಿ ಬರೆದದ್ದು ಬಹಳ ಹೆಸರಾಯಿತು. ಆಮೇಲಿನ ಪ್ರಯೋಗಗಳು ಅದಕ್ಕೆ ಅಷ್ಟು ಬಲ ಕೊಟ್ಟಿಲ್ಲ.

ನನಗೆ ಬಹಳ ಹಿಡಿಸಿದ ದೆವ್ವ ಅಮೆರಿಕದ್ದು. ಅದನ್ನು 1921ರಲ್ಲಿ ಕಣ್ಣಿನ ವೈದ್ಯರ ಪತ್ರಿಕೆಯಲ್ಲಿ ದಾಖಲಿಸಿದವರು ಡಾ. ವಿಲಿಯಂ ವಿಲ್ಮರ್. 1912ರ ನವೆಂಬರಿನಲ್ಲಿ ಒಂದು ಸಂಸಾರ ದೊಡ್ಡ ಹಳೆಯ ಮನೆಗೆ ಬಂತು. ಕೆಲವೇ ದಿನಗಳಲ್ಲಿ ಎಲ್ಲರಿಗೂ ತಲೆನೋವು, ಆಯಾಸ. ಮಕ್ಕಳು ಬಿಳಿಚಿಕೊಂಡರು, ಕುಂಡದ ಗಿಡಗಳು ಬಾಡಿದವು. ರಾತ್ರಿ ಹೆಜ್ಜೆ ಸಪ್ಪಳ. ಯಾರೋ ಬೆನ್ನ ಹಿಂದೆಯೇ ಬಂದಂತೆ ಯಜಮಾನನಿಗೆ ಅನಿಸತೊಡಗಿತು. ಮನೆಯಲ್ಲಿ ಇಲ್ಲದ ಮನುಷ್ಯರು ಕಣ್ಣಿಗೆ ಬಿದ್ದರು. ಕೊನೆಗೆ ಯಜಮಾನನ ತಮ್ಮನಿಗೆ ತಾನು ಎಲ್ಲೋ ಓದಿದ್ದ ಇಂಥದ್ದೇ ಪ್ರಸಂಗ ನೆನಪಾಗಿ, ಮನೆ ಕಾಯಿಸುವ ಕುಲುಮೆಯನ್ನು ಪರೀಕ್ಷಿಸಿದರು. ಅದು ಕೆಟ್ಟುಹೋಗಿತ್ತು. ಚಿಮಣಿ ಹತ್ತಬೇಕಾದ ಕಾರ್ಬನ್ ಮೊನಾಕ್ಸೈಡ್ ಕೋಣೆಗಳಿಗೆ ಹರಿಯುತ್ತಿತ್ತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಸಾಲದೆ ಉರಿಯುವ ಗ್ಯಾಸ್, ಕಟ್ಟಿಗೆ, ಇದ್ದಿಲು ಯಾವುದರಿಂದಲೂ ಹುಟ್ಟುತ್ತದೆ. ನಮ್ಮ ರಕ್ತದ ಹೀಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಆಮ್ಲಜನಕ ಸಿಗದ ಮೆದುಳು ಮೊದಲು ನೋಯುತ್ತದೆ, ಆಮೇಲೆ ಗಲಿಬಿಲಿಗೊಳ್ಳುತ್ತದೆ. ಆಮೇಲಿನದನ್ನು ಹೇಳಲು ಮನುಷ್ಯ ಉಳಿದಿರಬೇಕು.

ನಮ್ಮ ಸದಸ್ಯ ಕುಟುಂಬವೊಂದರಲ್ಲಿ ಎರಡು ಚಳಿಗಾಲದ ಹಿಂದೆ ನಡೆದದ್ದನ್ನು ಅವರ ಒಪ್ಪಿಗೆಯಿಂದ ಹೇಳುತ್ತಿದ್ದೇನೆ. ಮೈಸೂರಿನಿಂದ ಬಂದ ಅತ್ತೆಯವರಿಗೆ ಸಂಜೆಯಾದರೆ ತಲೆಸುತ್ತು, ಮಗುವಿಗೆ ವಾಂತಿ. ಮೆಟ್ಟಿಲ ಮೇಲೆ ಯಾರೋ ನಿಂತಂತೆ ಕಾಣುತ್ತದೆ ಎಂದರು ಆ ಹಿರಿಯರು. ದೇವಸ್ಥಾನಕ್ಕೆ ಹೊರಟರೆ ಎಲ್ಲರೂ ಸರಿಹೋಗುತ್ತಿದ್ದರು, ಹಿಂತಿರುಗಿದರೆ ಮತ್ತೆ ಅದೇ. "ಮನೆ ಒಳ್ಳೆಯದಲ್ಲ" ಎಂದು ಶಾಂತಿಹೋಮದ ಮಾತು ಎದ್ದಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೋಮ ಮಾಡಿದ್ದರೆ ಅದೇ ಅನಿಲ ಇನ್ನೊಂದಿಷ್ಟು ಸೇರುತ್ತಿತ್ತು. ಪುಣ್ಯಕ್ಕೆ ಅದಕ್ಕೆ ಮೊದಲೇ ಗ್ಯಾಸಿನವನು ಬಂದು, ಹೊಗೆ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಹಕ್ಕಿಗೂಡನ್ನು ತೆಗೆದ.

ಬಾಣಂತಿಯರಿರುವ ಮನೆಗಳಿಗೆ ಇನ್ನೊಂದು ಮಾತು. ಎಣ್ಣೆನೀರು ಹಾಕಿದ ಮೇಲೆ ಮಗುವಿಗೆ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಪದ್ಧತಿ. ಊರಿನ ಹೆಂಚಿನ ಮನೆಯಲ್ಲಿ ನೂರು ಸಂದು. ಇಲ್ಲಿಯ ಜೋಡಿಗಾಜಿನ ಕಿಟಕಿಯಲ್ಲಿ ಒಂದೂ ಇಲ್ಲ. ಇದ್ದಿಲ ಕೆಂಡವನ್ನು ದಯವಿಟ್ಟು ಮನೆಯೊಳಗೆ ತರಬೇಡಿ. ಅಜ್ಜಿಯರು ಬೇಸರಪಟ್ಟರೆ ನನ್ನ ಹೆಸರು ಹೇಳಿ.

ಒಗ್ಗರಣೆ ಹಾಕಿದಾಗಲೆಲ್ಲ ಕಿರುಚಿಕೊಳ್ಳುವ ಹೊಗೆ ಅಲಾರಮ್ಮಿಗೆ ಈ ಅನಿಲ ತಿಳಿಯುವುದಿಲ್ಲ. ಅದಕ್ಕೆ ಬೇರೆಯದೇ ಅಲಾರಂ ಬೇಕು. ಹದಿನೈದು ಇಪ್ಪತ್ತು ಪೌಂಡಿಗೆ ಸಿಗುತ್ತದೆ. ಡಬ್ಬಿಯ ಮೇಲೆ ಬಿ.ಎಸ್. ಇ.ಎನ್. 50291 ಎಂದಿರಬೇಕು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ, ಬಾಡಿಗೆ ಮನೆಯ ಬಾಯ್ಲರು ಅಥವಾ ಹೀಟರು ಇರುವ ಕೋಣೆಗೆ ಇದನ್ನು ಹಾಕಿಸುವುದು ಮಾಲೀಕರ ಹೊಣೆ. ವರ್ಷಕ್ಕೊಮ್ಮೆ ಗ್ಯಾಸ್ ಉಪಕರಣಗಳ ತಪಾಸಣೆಯೂ ಅವರದೇ. ಹೊಸದಾಗಿ ಬಂದ ವಿದ್ಯಾರ್ಥಿಗಳು ಸಂಕೋಚಪಡದೆ ಕೇಳಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಬಿಟ್ಟುಹೋಗುವುದಾದರೆ, ಗ್ಯಾಸ್ ಆರಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಎತ್ತುತ್ತಾರೆ.