ಅರಣ್ಯವಾಸಿಗಳ ಅಹವಾಲು ಕೇಳದೆ ನಡೆದ ವ್ಯಾಜ್ಯದ ಕುರಿತು ಖಂಡನಾ ಹೇಳಿಕೆ

ಮಡಿಕೇರಿ, ಮಾರ್ಚ್ 2019

ಅರಣ್ಯ ಹಕ್ಕು ಕಾಯ್ದೆಯ ಪ್ರಕರಣದಲ್ಲಿ, ಹಕ್ಕು ಕೋರಿದ ಅರ್ಜಿ ತಿರಸ್ಕೃತಗೊಂಡವರನ್ನು ತೆರವುಗೊಳಿಸುವಂತೆ ಫೆಬ್ರುವರಿ 13ರಂದು ಹೊರಬಿದ್ದ ಆದೇಶಕ್ಕೆ ಸರ್ವೋಚ್ಚ ನ್ಯಾಯಾಲಯವು ಫೆಬ್ರುವರಿ 28ರಂದು ತಡೆ ನೀಡಿರುವುದನ್ನು ನಮ್ಮ ಸಂಘವು ಗೌರವಪೂರ್ವಕವಾಗಿ ಸ್ವಾಗತಿಸುತ್ತದೆ. ಆದರೆ ಕರ್ನಾಟಕವೊಂದರಲ್ಲೇ ಪರಿಶಿಷ್ಟ ಪಂಗಡದವರ 35,521 ಹಾಗೂ ಇತರ ಪಾರಂಪರಿಕ ಅರಣ್ಯವಾಸಿಗಳ 1,41,019 ತಿರಸ್ಕೃತ ಅರ್ಜಿಗಳ ಭವಿಷ್ಯವು ನಿರ್ಧಾರವಾಗಲಿದ್ದ ಈ ವ್ಯಾಜ್ಯದಲ್ಲಿ, ಸಂಸತ್ತು ಅಂಗೀಕರಿಸಿದ ಕಾಯ್ದೆಯನ್ನು ಸಮರ್ಥಿಸಬೇಕಾಗಿದ್ದ ಕೇಂದ್ರ ಸರ್ಕಾರವು ಸಕಾಲದಲ್ಲಿ ಬಾಯಿ ತೆರೆಯದಿದ್ದುದನ್ನೂ, ತಿರಸ್ಕಾರದ ಲೆಕ್ಕವನ್ನೊಪ್ಪಿಸಿ ತಿರಸ್ಕಾರದ ಕ್ರಮವನ್ನು ಮಾತ್ರ ಮರೆಮಾಡಿದ ರಾಜ್ಯ ಸರ್ಕಾರದ ನಡೆಯನ್ನೂ ಸಂಘವು ತೀವ್ರವಾಗಿ ಖಂಡಿಸುತ್ತದೆ. ನಮ್ಮ ಖಂಡನೆಯು ನ್ಯಾಯಪೀಠಕ್ಕೆ ಸಂಬಂಧಿಸಿದುದಲ್ಲ. ಪೀಠದ ಮುಂದೆ ನಿಂತು ಮಾತನಾಡುವ ಹೊಣೆ ಹೊತ್ತವರಿಗೆ ಸಂಬಂಧಿಸಿದುದು.

ಈ ವ್ಯಾಜ್ಯವನ್ನು ಹೂಡಿದ ವನ್ಯಜೀವಿ ಸಂರಕ್ಷಣಾ ಸಂಸ್ಥೆಗಳಿಗೆ ನ್ಯಾಯಾಲಯದ ಮೆಟ್ಟಿಲೇರುವ ಅರ್ಹತೆಯಿಲ್ಲವೆಂದು ನಾವು ವಾದಿಸುವುದಿಲ್ಲ. ಸ್ವತಃ ಹಾನಿಗೊಳಗಾದವನಷ್ಟೇ ದಾವೆ ಹೂಡಬೇಕೆಂಬ ಹಳೆಯ ಕಟ್ಟುಪಾಡನ್ನು 1981ರ ಎಸ್. ಪಿ. ಗುಪ್ತ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಸಡಿಲಿಸಿದ್ದು ದಾರಿದ್ರ್ಯದಿಂದಲೋ ಅಸಹಾಯಕತೆಯಿಂದಲೋ ಕೋರ್ಟಿನವರೆಗೆ ಬರಲಾರದವರ ಸಲುವಾಗಿ. ಉದ್ಯಾನಕ್ಕೆ ಮೀಸಲಾದ ನಿವೇಶನವು ಖಾಸಗಿ ಆಸ್ಪತ್ರೆಯ ಪಾಲಾದಾಗ ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಅರ್ಹತೆಯನ್ನು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದೂ ಅದೇ ತತ್ತ್ವದ ಮುಂದುವರಿಕೆ. ಪರರ ಹಿತಕ್ಕಾಗಿ ಬಂದವರಿಗೆ ದೊರೆತ ಆ ಔದಾರ್ಯವು, ತನ್ನ ಮನೆಯನ್ನೇ ಕಳೆದುಕೊಳ್ಳಲಿರುವವನಿಗೆ ದೊರೆಯದೆಹೋದರೆ ಆ ತತ್ತ್ವವು ಯಾರಿಗಾಗಿ ಹುಟ್ಟಿತೋ ಅವರನ್ನೇ ಹೊರಗಿಟ್ಟಂತಾಗುತ್ತದೆ.

ಅರಣ್ಯವಾಸಿಗಳು ನ್ಯಾಯಾಲಯದ ಮುಂದೆ ವಾದಿಸುವುದು ಕೊಡಗಿಗೆ ಹೊಸತಲ್ಲ. ನಾಗರಹೊಳೆಯ ಮುರ್ಕಲ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಭೂಮಿಯನ್ನು ಪಂಚತಾರಾ ಹೋಟೆಲ್ ಸಮೂಹವೊಂದಕ್ಕೆ ಗುತ್ತಿಗೆ ನೀಡಿದಾಗ ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದು ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ. ಕೇಂದ್ರದ ಪೂರ್ವಾನುಮತಿಯಿಲ್ಲದ ಆ ಗುತ್ತಿಗೆಯು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪು ಬಂದು ಕಾಡು ಉಳಿಯಿತು. ಬುಡಕಟ್ಟು ವಸತಿಗಳಾದ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು ಹಾಗೂ ಯರವರು ಅಂದು ಅರಣ್ಯದ ಪರವಾಗಿ ವಾದಿಸಲು ಅರ್ಹರಾಗಿದ್ದರು. ಅದೇ ಅರಣ್ಯದ ಹೆಸರಿನಲ್ಲಿ ನಡೆಯುವ ವ್ಯಾಜ್ಯದಲ್ಲಿ ಇಂದು ಅವರು ಅಂಕಿಸಂಖ್ಯೆಗಳಾಗಿ ಮಾತ್ರ ಉಲ್ಲೇಖಗೊಳ್ಳುವುದು ಈ ಜಿಲ್ಲೆಯ ನ್ಯಾಯಪ್ರಜ್ಞೆಗೆ ಸಹ್ಯವಲ್ಲ. ಹಕ್ಕುಗಳ ಪರಿಶೀಲನೆ ಪೂರ್ಣಗೊಳ್ಳುವವರೆಗೆ ಒಕ್ಕಲೆಬ್ಬಿಸುವಂತಿಲ್ಲವೆಂದು 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಅರ್ಜಿದಾರನಿಗೆ ತನ್ನ ವಾದ ಮಂಡಿಸುವ ಅವಕಾಶ ನೀಡದೆ ತಿರಸ್ಕರಿಸುವಂತಿಲ್ಲವೆಂದೂ, ತಿರಸ್ಕಾರದ ಕಾರಣವನ್ನು ಅವನಿಗೆ ಖುದ್ದಾಗಿ ತಿಳಿಸಬೇಕೆಂದೂ 2012ರಲ್ಲಿ ತಿದ್ದುಪಡಿಯಾದ ನಿಯಮಗಳು ವಿಧಿಸುತ್ತವೆ. ಕಾರಣವನ್ನೇ ತಿಳಿಯದವನು ಮೇಲ್ಮನವಿ ಸಲ್ಲಿಸುವುದಾದರೂ ಹೇಗೆ?

ಆದಕಾರಣ, ರಾಜ್ಯ ಸರ್ಕಾರವು ಸಲ್ಲಿಸಬೇಕಾಗಿರುವ ಮುಂದಿನ ಪ್ರಮಾಣಪತ್ರದಲ್ಲಿ ಪ್ರತಿ ತಿರಸ್ಕಾರದ ಕಾರಣವನ್ನೂ, ಅರ್ಜಿದಾರರನ್ನು ಆಲಿಸಲಾಯಿತೇ ಇಲ್ಲವೇ ಎಂಬುದನ್ನೂ ಮುಚ್ಚುಮರೆಯಿಲ್ಲದೆ ನಮೂದಿಸಬೇಕು. ಅರಣ್ಯವಾಸಿಗಳ ಗ್ರಾಮಸಭೆಗಳು ಈ ಪ್ರಕರಣದಲ್ಲಿ ತಮ್ಮನ್ನೂ ಸೇರಿಸಿಕೊಳ್ಳುವಂತೆ ಕೋರಿದಲ್ಲಿ ಉಭಯ ಸರ್ಕಾರಗಳೂ ಆಕ್ಷೇಪಿಸಬಾರದು. ಪರಿಶಿಷ್ಟ ಪಂಗಡದವರಿಗೆ ಆದಾಯಮಿತಿಯಿಲ್ಲದೆ ಉಚಿತ ಕಾನೂನು ನೆರವು ನೀಡಬೇಕೆಂಬ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯನ್ವಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ವಕೀಲರನ್ನು ಹಾಡಿಗಳಿಗೇ ಕಳುಹಿಸಬೇಕು. ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಅರಣ್ಯ ಹಕ್ಕು ಸಮಿತಿಯು ಲಿಖಿತ ಕಾರಣವಿಲ್ಲದ ತಿರಸ್ಕಾರಗಳನ್ನೆಲ್ಲ ಮರುಪರಿಶೀಲಿಸುವವರೆಗೆ ಕೊಡಗಿನ ಯಾವ ಹಾಡಿಯಿಂದಲೂ ಯಾರನ್ನೂ ತೆರವುಗೊಳಿಸಕೂಡದೆಂದು ಸಂಘವು ಆಗ್ರಹಿಸುತ್ತದೆ.