ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಎಷ್ಟು ನೆಲ?

ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದಾಗಿನಿಂದ, ಸಣ್ಣ ಫ್ಲ್ಯಾಟ್ ಕೊಳ್ಳುವವರ ಪರವಾಗಿ ದನಿ ಎತ್ತುವವರೆಲ್ಲ ಒಂದೇ ಲೆಕ್ಕ ಹಿಡಿದು ಕೂತಿದ್ದಾರೆ. ಅದರ ಮರು ತಿಂಗಳು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಶೇ 1ರ ಜಿಎಸ್‌ಟಿಗೆ ಅರ್ಹವಾಗುವ ‘ಕೈಗೆಟುಕುವ ಮನೆ’ಗೆ 2019ರಲ್ಲಿ ನಿಗದಿಯಾದ ₹45 ಲಕ್ಷದ ಮಿತಿ ಮಾತ್ರ ಇದ್ದಲ್ಲೇ ಇದೆ ಎಂಬ ದೂರೂ ಅದರ ಜೊತೆ ಸೇರಿಕೊಂಡಿತು. ಎರಡೂ ದೂರುಗಳು ನ್ಯಾಯವಾದವೇ. ಆದರೆ ಅವು ಚಿಕ್ಕ ಮೊತ್ತದ ದೂರುಗಳು. ರಾಜಾಜಿನಗರದಿಂದ ಕೆಂಗೇರಿವರೆಗಿನ ಪಶ್ಚಿಮ ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟನ್ನು ವಾಸಕ್ಕೆಂದು ಕೊಳ್ಳಬಹುದು, ತಪ್ಪಲ್ಲ. ಹೂಡಿಕೆಯೆಂದು ಕೊಳ್ಳುವುದಾದರೆ ಕ್ರಯಪತ್ರದ ಒಂದು ಸಂಖ್ಯೆಯನ್ನು ನೋಡದೆ ಮುಂಗಡ ಕೊಡಲೇಬಾರದು. ಆ ಸಂಖ್ಯೆ ‘ಬಿ’ ಶೆಡ್ಯೂಲಿನಲ್ಲಿದೆ. ಬ್ರೋಕರುಗಳ ಬಾಯಲ್ಲಿ ಅದು ಯುಡಿಎಸ್. ಅಂದರೆ ಒಟ್ಟು ನಿವೇಶನದಲ್ಲಿ ಆ ಫ್ಲ್ಯಾಟಿನ ಪಾಲಿಗೆ ಬರುವ ಅವಿಭಾಜ್ಯ ನೆಲ.

ಈ ಸಂಖ್ಯೆಯ ತೂಕ ಎಷ್ಟೆಂದು ಒಂದು ಸರಳ ಲೆಕ್ಕ ಹೇಳುತ್ತದೆ. ಒಂದೇ ಬಡಾವಣೆಯಲ್ಲಿ ₹45 ಲಕ್ಷದ ಎರಡು ಫ್ಲ್ಯಾಟುಗಳಿವೆ ಎಂದುಕೊಳ್ಳೋಣ. ಮೊದಲನೆಯದು 40x60 ನಿವೇಶನದ ಮೇಲೆ ಎಂಟೇ ಮನೆಗಳಿರುವ ಕಟ್ಟಡದಲ್ಲಿದೆ, ಅದರ ಪಾಲಿಗೆ 300 ಚದರ ಅಡಿ ನೆಲ ಬರುತ್ತದೆ. ಎರಡನೆಯದು ಒತ್ತೊತ್ತಾಗಿ ಮನೆಗಳಿರುವ ಎತ್ತರದ ಸಮುಚ್ಚಯದಲ್ಲಿದೆ, ಅದರ ಪಾಲು 150 ಚದರ ಅಡಿ. ನೆಲಕ್ಕೆ ಚದರ ಅಡಿಗೆ ₹10 ಸಾವಿರ ಎಂದಿಟ್ಟರೆ ಮೊದಲ ಫ್ಲ್ಯಾಟಿನಲ್ಲಿ ₹30 ಲಕ್ಷ ನೆಲಕ್ಕೆ, ₹15 ಲಕ್ಷ ಕಟ್ಟಡಕ್ಕೆ ಹೋಗಿದೆ. ಎರಡನೆಯದರಲ್ಲಿ ಇದು ತಿರುವುಮುರುವು. ನೆಲದ ಬೆಲೆ ವರ್ಷಕ್ಕೆ ಶೇ 6ರಂತೆ ಏರಿ, ಕಟ್ಟಡ ಮೂರನೇ ಒಂದರಷ್ಟು ಸವೆದರೆ, 20 ವರ್ಷಗಳ ನಂತರ ಮೊದಲನೆಯದು ಸುಮಾರು ₹1.06 ಕೋಟಿ, ಎರಡನೆಯದು ₹68 ಲಕ್ಷ. ಕಟ್ಟಡ ಕಿಂಚಿತ್ತೂ ಸವೆಯಲಿಲ್ಲ ಎಂದುಕೊಂಡರೂ ಅಂತರ ₹33 ಲಕ್ಷ. ಈಗ ಎಲ್ಲರೂ ವಾದಿಸುತ್ತಿರುವ ಮೊತ್ತಗಳನ್ನು ಕೂಡಿಸಿ ನೋಡಿ. ರಿಯಾಯಿತಿ ತಪ್ಪಿ ಜಿಎಸ್‌ಟಿ ಶೇ 1ರ ಬದಲು ಶೇ 5 ಆದರೆ ₹1.80 ಲಕ್ಷ, ಮುದ್ರಾಂಕ ಶುಲ್ಕ ಶೇ 3ರ ಬದಲು ಶೇ 5 ಆದರೆ ₹90 ಸಾವಿರ, ಹೊಸ ನೋಂದಣಿ ಶುಲ್ಕದ ಹೆಚ್ಚಳ ₹45 ಸಾವಿರ. ಒಟ್ಟು ₹3.15 ಲಕ್ಷ. ನೆಲದ ಪಾಲು ತರುವ ಅಂತರದ ಹತ್ತನೇ ಒಂದರಷ್ಟೂ ಇಲ್ಲ.

ಈ ಪಾಲು ತಾನಾಗಿ ಕರಗುತ್ತಿಲ್ಲ. ಮನೆ ಅಗ್ಗವಾಗಲೆಂದು ಮಾಡಿದ ನಿಯಮಗಳೇ ಅದನ್ನು ಕರಗಿಸುತ್ತಿವೆ. ಬೆಂಗಳೂರಿನಲ್ಲಿ ಶೇ 1ರ ಜಿಎಸ್‌ಟಿಗೆ ಎರಡು ಷರತ್ತುಗಳಿವೆ: ಕಾರ್ಪೆಟ್ ಏರಿಯಾ 60 ಚದರ ಮೀಟರ್ ಮೀರಬಾರದು, ಬೆಲೆ ₹45 ಲಕ್ಷ ದಾಟಬಾರದು. ಒಂದು ಬೆಡ್‌ರೂಮಿನ ಮನೆ ಮೊದಲ ಷರತ್ತಿನೊಳಗೆ ಸಲೀಸಾಗಿ ಕೂರುತ್ತದೆ. ಬಿಗಿಯಾಗಿರುವುದು ಎರಡನೆಯದು. ನೆಲದ ಬೆಲೆ ವರ್ಷವರ್ಷವೂ ಏರುತ್ತಿರುವಾಗ ಮನೆಯ ಬೆಲೆಯನ್ನು ಅಲ್ಲಿಯೇ ಹಿಡಿದಿಡಲು ಬಿಲ್ಡರ್‌ಗೆ ಇರುವ ಸುಲಭದ ದಾರಿ, ಅದೇ ನೆಲವನ್ನು ಇನ್ನಷ್ಟು ಮನೆಗಳಿಗೆ ಹಂಚುವುದು. ಶುಲ್ಕ ಕಟ್ಟಿಸಿಕೊಂಡು ಹೆಚ್ಚುವರಿ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಕೊಡುವ ಪ್ರೀಮಿಯಂ ಎಫ್‌ಎಆರ್ ವ್ಯವಸ್ಥೆ ಆ ದಾರಿಯನ್ನು ಅಗಲ ಮಾಡಿದೆ. ಎಫ್‌ಎಆರ್ 2 ಇರುವಲ್ಲಿ 600 ಚದರ ಅಡಿ ಮನೆಯ ಪಾಲಿಗೆ 300 ಚದರ ಅಡಿ ನೆಲ ಬಂದರೆ, ಅದು 3ಕ್ಕೆ ಏರಿದಾಗ ಬರುವುದು 200. ಇದರ ಮೇಲೆ ಮುದ್ರಾಂಕ ಶುಲ್ಕದ ರಿಯಾಯಿತಿ ಬೇರೆ. ₹45 ಲಕ್ಷದೊಳಗಿನ ಫ್ಲ್ಯಾಟುಗಳಿಗೆ 2020 ಮತ್ತು 2021ರ ಬಜೆಟ್‌ಗಳು ಕೊಟ್ಟ ಈ ರಿಯಾಯಿತಿ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮಾತ್ರ. ಹೆಚ್ಚು ನೆಲದ ಪಾಲಿರುವ ಹಳೆಯ ಫ್ಲ್ಯಾಟನ್ನು ಮಾಲೀಕರಿಂದ ಕೊಳ್ಳುವವರು ಪೂರ್ತಿ ಶೇ 5 ಕಟ್ಟಬೇಕು. ಸೆಸ್, ಸರ್‌ಚಾರ್ಜ್, ನೋಂದಣಿ ಎಲ್ಲ ಸೇರಿ ಅದು ಶೇ 7.6 ಆಗುತ್ತದೆ. ಅಂದರೆ ಕಡಿಮೆ ನೆಲ ಕೊಳ್ಳುವವರಿಗೆ ಪ್ರೋತ್ಸಾಹ, ಹೆಚ್ಚು ನೆಲ ಕೊಳ್ಳುವವರಿಗೆ ಪೂರ್ತಿ ಶುಲ್ಕ.

ಪಶ್ಚಿಮ ಬೆಂಗಳೂರಿನ ಇತಿಹಾಸ ಗೊತ್ತಿರುವವರು ಇದನ್ನು ಸುಮ್ಮನೆ ನೋಡುತ್ತಿರುವುದು ನನಗೆ ಅರ್ಥವಾಗುವುದಿಲ್ಲ. ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಹುಟ್ಟಿದ್ದು 1949ರಲ್ಲಿ. ಮುಂದೆ ಬಸವೇಶ್ವರನಗರದಲ್ಲಿ ಗೃಹ ಮಂಡಳಿಯ ಕೆಎಚ್‌ಬಿ ಕಾಲೋನಿ ಬಂತು. ಕಾರ್ಖಾನೆ ಕಾರ್ಮಿಕರು, ಗುಮಾಸ್ತರು, ಮೇಷ್ಟ್ರುಗಳು ಈ ಬಡಾವಣೆಗಳಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಮನೆಗಳಲ್ಲಿ ಸಂಸಾರ ಹೂಡಿದರು. ಇವತ್ತಿನ ಒಂದು ಬೆಡ್‌ರೂಮಿನ ಫ್ಲ್ಯಾಟಿಗಿಂತ ಆ ಮನೆಗಳು ದೊಡ್ಡವೇನೂ ಆಗಿರಲಿಲ್ಲ. ಆ ಕುಟುಂಬಗಳ ಸ್ಥಿತಿ ಸುಧಾರಿಸಿದ್ದು ಮನೆಯ ಗೋಡೆಗಳಿಂದಲ್ಲ. ಗೋಡೆಗಳನ್ನು ಕೆಡವಿ ಎಷ್ಟೋ ಕಾಲವಾಯಿತು. ಅಡಿಯಲ್ಲಿದ್ದ 20x30, 30x40 ನೆಲ ಪೂರ್ತಿ ಅವರದಾಗಿತ್ತು. ಮಕ್ಕಳ ಕಾಲಕ್ಕೆ ಅದರ ಮೇಲೆ ಎರಡು, ಮೂರು ಮಹಡಿ ಎದ್ದವು. ‘ಚಿಕ್ಕ ಮನೆಯಾದರೂ ಸ್ವಂತದ್ದು ಕೊಳ್ಳಿ, ಕೈಬಿಡುವುದಿಲ್ಲ’ ಎಂದು ಹಿರಿಯರು ಹೇಳುವಾಗ ಈ ಅನುಭವ ಅವರ ಬೆನ್ನಿಗಿರುತ್ತದೆ. ಆ ಮಾತನ್ನು 150 ಚದರ ಅಡಿ ಪಾಲಿನ ಫ್ಲ್ಯಾಟಿಗೆ ಹಾಗೆಯೇ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

‘ಬೆಲೆ ಏರದಿದ್ದರೇನು, ಬಾಡಿಗೆ ಬರುತ್ತದಲ್ಲ’ ಎಂಬುದು ಮುಖ್ಯ ಆಕ್ಷೇಪ. ವಿಜಯನಗರ, ಅತ್ತಿಗುಪ್ಪೆಗೆ 2015ರಲ್ಲೇ ಮೆಟ್ರೊ ಬಂದಿದೆ, ಕೆಂಗೇರಿಗೆ 2021ರಲ್ಲಿ, ಚಲ್ಲಘಟ್ಟಕ್ಕೆ 2023ರಲ್ಲಿ. ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಕಡಬಗೆರೆಗೆ ಹೋಗುವ ಮೂರನೇ ಹಂತದ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಬಾಡಿಗೆದಾರರಿಗೆ ಇಲ್ಲಿ ಬರವಿಲ್ಲ, ನಿಜ. ಆದರೆ ಈ ಬಡಾವಣೆಗಳಲ್ಲಿ ಸಿಂಗಲ್ ಬೆಡ್‌ರೂಮ್ ಮನೆಗಳನ್ನು ಹೆಚ್ಚಾಗಿ ಬಾಡಿಗೆಗೋ ಭೋಗ್ಯಕ್ಕೋ ಕೊಡುತ್ತಿರುವವರು ಯಾರು? ಅದೇ ಹಳೆಯ ನಿವೇಶನಗಳ ಮಾಲೀಕರು. ಅವರ ನೆಲದ ಸಾಲ ಎಂದೋ ತೀರಿದೆ, ಕಟ್ಟಿದ ಖರ್ಚು ಹುಟ್ಟಿದರೆ ಅವರಿಗೆ ಸಾಕು. ಇವತ್ತಿನ ಬೆಲೆಗೆ ಫ್ಲ್ಯಾಟ್ ಕೊಂಡವರು ಪೈಪೋಟಿ ಮಾಡಬೇಕಿರುವುದು ಅವರ ಜೊತೆ. ₹45 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ ₹15 ಸಾವಿರ ಬಾಡಿಗೆ ಬಂದರೂ ಅದು ವರ್ಷಕ್ಕೆ ಶೇ 4. ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಮನೆ ಖಾಲಿ ಬಿದ್ದ ಒಂದು ತಿಂಗಳು ಕಳೆದರೆ ಉಳಿಯುವುದು ಶೇ 3ರ ಆಸುಪಾಸು. ಗೃಹಸಾಲದ ಬಡ್ಡಿ ಇಳಿದ ಮೇಲೂ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ. ಈ ಕೊರತೆಯನ್ನು ತುಂಬಿಕೊಡಬೇಕಾದದ್ದು ಬೆಲೆಯ ಏರಿಕೆ. ಅದು ಬರುವುದು ನೆಲದಿಂದ. ಹೀಗಾಗಿ ಬಾಡಿಗೆಯ ವಾದವೂ ಕೊನೆಗೆ ‘ಬಿ’ ಶೆಡ್ಯೂಲಿಗೇ ಬಂದು ನಿಲ್ಲುತ್ತದೆ.

ವಾಸಕ್ಕೆಂದು ಕೊಳ್ಳುವವರಿಗೆ ಈ ತಲೆನೋವು ಏಕೆ ಎನ್ನಬಹುದು. ದಿನನಿತ್ಯದ ಬದುಕಿಗೆ ನೀರು, ಬೆಳಕು, ಮೆಟ್ರೊ ಮುಖ್ಯ, ಒಪ್ಪುತ್ತೇನೆ. ಆದರೆ 30, 40 ವರ್ಷ ಕಳೆದು ಕಟ್ಟಡ ಕೆಡವಿ ಕಟ್ಟುವ ಮಾತು ಬಂದಾಗ, ಅಥವಾ ರಸ್ತೆಗೋ ಮೆಟ್ರೊಗೋ ಜಾಗ ಹೋದಾಗ, ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಈ ಪಾಲೇ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಪ್ರಕಾರ, ಘೋಷಣಾ ಪತ್ರದಲ್ಲಿ ಒಮ್ಮೆ ಬರೆದ ಪಾಲು ಶಾಶ್ವತ. ಎಲ್ಲ ಮಾಲೀಕರೂ ಒಪ್ಪದ ಹೊರತು ಅದನ್ನು ಬದಲಿಸುವಂತಿಲ್ಲ. ಕೊಳ್ಳುವ ದಿನ ನೋಡದೆ ಬಿಟ್ಟ ಸಂಖ್ಯೆಯನ್ನು ಮುಂದೆ ತಿದ್ದಿಸಿಕೊಳ್ಳುವ ಅವಕಾಶ ಇಲ್ಲವೆಂದೇ ಹೇಳಬೇಕು.

ಹಳೆಯ ಸಣ್ಣ ಕಟ್ಟಡಗಳಲ್ಲಿ ನೆಲದ ಪಾಲು ಹೆಚ್ಚು, ಆದರೆ ದಾಖಲೆ ಕಚ್ಚಾ ಎಂಬ ಆಕ್ಷೇಪಕ್ಕೆ ನಿಜವಾದ ಬಲವಿದೆ. ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ಕೊಟ್ಟ ವಿನಾಯಿತಿಯನ್ನು ನಂಬಿ, 30x40ರಲ್ಲಿ ನಕ್ಷೆ ಮೀರಿ ಎಬ್ಬಿಸಿದ ಫ್ಲ್ಯಾಟ್ ಕೊಳ್ಳುವುದು ಅಪಾಯ. ಪಾಲು ಎಷ್ಟೇ ದೊಡ್ಡದಿರಲಿ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಇ-ಖಾತಾ ಮೂರೂ ಇಲ್ಲದಿದ್ದರೆ ಮುಂದುವರಿಯಬಾರದು. ಹಾಗೆಂದು ದಾಖಲೆ ಚೊಕ್ಕವಾಗಿದ್ದ ಮಾತ್ರಕ್ಕೆ ಫ್ಲ್ಯಾಟಿಗೆ ಬೆಲೆ ಬಂದೀತೆಂದೂ ಇಲ್ಲ. ಕೆಂಗೇರಿ ಸುತ್ತಲೇ ಅದಕ್ಕೆ ಸಾಕ್ಷಿಯಿದೆ. ಕಣಿಮಿಣಿಕೆ, ಕೊಮ್ಮಘಟ್ಟದಲ್ಲಿ ಬಿಡಿಎ ಕಟ್ಟಿದ ಫ್ಲ್ಯಾಟುಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದು, ಪ್ರಾಧಿಕಾರ ಫ್ಲ್ಯಾಟ್ ಮೇಳ ನಡೆಸಬೇಕಾಯಿತು. ಅದೇ ಬಿಡಿಎ, ಅದೇ ಭಾಗದಲ್ಲಿ ಮಾಡಿದ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ರಸ್ತೆ, ನೀರು, ವಿದ್ಯುತ್ತಿಗೆ ಜನ ವರ್ಷಗಟ್ಟಲೆ ಕಾಯಬೇಕಾಗಿ ಬಂದರೂ ನಿವೇಶನದ ಬೇಡಿಕೆ ಕುಗ್ಗಲಿಲ್ಲ. ಜನರಿಗೆ ನೆಲದ ಬೆಲೆ ಗೊತ್ತು. ಫ್ಲ್ಯಾಟಿನೊಳಗೆ ಎಷ್ಟು ನೆಲವಿದೆ ಎಂಬುದನ್ನು ಯಾರೂ ಅವರಿಗೆ ಹೇಳುತ್ತಿಲ್ಲ.

ಅದನ್ನು ಹೇಳಿಸುವುದು ಕಷ್ಟದ ಕೆಲಸವಲ್ಲ. ಸೂಪರ್ ಬಿಲ್ಟ್‌ಅಪ್ ಎಂಬ ಮಸುಕು ಲೆಕ್ಕದ ಜಾಗಕ್ಕೆ ಕಾರ್ಪೆಟ್ ಏರಿಯಾವನ್ನು ತಂದದ್ದು 2016ರ ರೇರಾ ಕಾಯ್ದೆ. ಪ್ರತಿ ಫ್ಲ್ಯಾಟಿನ ನೆಲದ ಪಾಲನ್ನೂ ಅದರ ಪಕ್ಕದಲ್ಲೇ, ಜಾಹೀರಾತಿನಲ್ಲೂ ಬೆಲೆಪಟ್ಟಿಯಲ್ಲೂ, ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದು ಕರ್ನಾಟಕ ರೇರಾ ಆದೇಶಿಸಬೇಕು. ಸರ್ಕಾರ ಮುದ್ರಾಂಕ ಶುಲ್ಕದ ರಿಯಾಯಿತಿಯನ್ನು ₹45 ಲಕ್ಷದೊಳಗಿನ ಹಳೆಯ ಫ್ಲ್ಯಾಟುಗಳಿಗೂ ವಿಸ್ತರಿಸಬೇಕು. ಅಲ್ಲಿಯವರೆಗೆ ಸ್ವಂತ ಮನೆಗೆಂದು ಪೈಸೆ ಪೈಸೆ ಕೂಡಿಟ್ಟ ಕುಟುಂಬಗಳು, ಚದರ ಅಡಿಗೆ ಎಷ್ಟು ದರ ಎಂದು ಕೇಳುವುದಕ್ಕೂ ಮೊದಲು ‘ನಮ್ಮ ಪಾಲಿಗೆ ನೆಲ ಎಷ್ಟು’ ಎಂದು ಕೇಳಬೇಕು, ಉತ್ತರವನ್ನು ಬರಹದಲ್ಲೇ ಪಡೆಯಬೇಕು.