ಪಾಲುದಾರನ ಸಂಭಾವನೆ: ಮೊದಲು ಲಾಭ, ಅನಂತರ ಪಾಲು

ಅಮೆರಿಕದ ದೊಡ್ಡ ವಕೀಲರ ಸಂಸ್ಥೆಗಳ ಪಾಲುದಾರರ ಗಳಿಕೆಯ ಅಂಕಿ-ಅಂಶಗಳು ಪ್ರತಿವರ್ಷವೂ ಪ್ರಕಟವಾಗುತ್ತವೆ. ಷಿಕಾಗೋ ಮೂಲದ ಕರ್ಕ್‌ಲೆಂಡ್ ಅಂಡ್ ಎಲ್ಲಿಸ್ ಸಂಸ್ಥೆಯು 2024ರಲ್ಲಿ ಸುಮಾರು 880 ಕೋಟಿ ಡಾಲರ್ ಆದಾಯ ಗಳಿಸಿತು. ಬಂಡವಾಳ ಹೂಡಿದ ಪ್ರತಿಯೊಬ್ಬ ಪಾಲುದಾರನಿಗೆ ಸರಾಸರಿ 90 ಲಕ್ಷ ಡಾಲರಿಗೂ ಮಿಗಿಲಾದ ಲಾಭ ದೊರೆಯಿತು. ಇಂತಹ ಸುದ್ದಿಯನ್ನು ಓದಿದ ವರ್ತಕ ಬಾಂಧವರು ಬೆರಗಾಗುವುದು ಸಹಜ. ಆದರೆ ಈ ಮೊತ್ತವು ಸಂಬಳವಲ್ಲ. ವೆಚ್ಚವೆಲ್ಲ ಕಳೆದ ಮೇಲೆ ಉಳಿದ ಲಾಭದ ಸರಾಸರಿ ಮಾತ್ರ. ಪಾಲುದಾರನೆಂಬ ಹೆಸರಿದ್ದರೂ ನಿಗದಿತ ಸಂಬಳ ಪಡೆಯುವವರು ಈ ಲೆಕ್ಕದಲ್ಲಿ ಸೇರುವುದಿಲ್ಲ.

ಒಬ್ಬ ವಕೀಲ ಪಾಲುದಾರನ ಗಳಿಕೆಯನ್ನು ನಿರ್ಧರಿಸುವ ಅಂಶಗಳು ಹಲವು: ಅವನು ತರುವ ಕಕ್ಷಿದಾರರು, ಶುಲ್ಕ ವಿಧಿಸುವ ಗಂಟೆಗಳು, ಅವನ ಕೈಕೆಳಗೆ ದುಡಿಯುವ ಕಿರಿಯ ವಕೀಲರ ಸಂಖ್ಯೆ, ಬಿಲ್ಲಿನ ಹಣದ ವಸೂಲಿ, ಕಚೇರಿಯ ಬಾಡಿಗೆ. ಹಂಚಿಕೆಯ ಪದ್ಧತಿಗಳು ಮುಖ್ಯವಾಗಿ ಎರಡು. ಹಿರಿತನಕ್ಕೆ ಅನುಗುಣವಾಗಿ ಮೆಟ್ಟಿಲು ಮೆಟ್ಟಿಲಾಗಿ ಪಾಲು ಏರುವುದು ಮೊದಲನೆಯದು; ತಂದ ವ್ಯವಹಾರಕ್ಕೆ ತಕ್ಕಂತೆ ಪಾಲು ದೊರೆಯುವುದು ಎರಡನೆಯದು. ನ್ಯೂಯಾರ್ಕಿನ ಕ್ರವಾತ್ ಸಂಸ್ಥೆಯು ದೀರ್ಘಕಾಲ ಮೊದಲನೆಯ ಪದ್ಧತಿಗೆ ಅಂಟಿಕೊಂಡಿತ್ತು. 2021ರಲ್ಲಿ ಅದೂ ಅದನ್ನು ಸಡಿಲಗೊಳಿಸಿತು.

ಈ ಎರಡು ಪದ್ಧತಿಗಳಲ್ಲಿ ಯಾವುದು ಲೇಸೆಂಬ ಚರ್ಚೆ ಹಾಗಿರಲಿ. ಲಾಭವನ್ನೇ ನೋಡದೆ ಮೊತ್ತವನ್ನು ನಿಗದಿಪಡಿಸುವ ಮೂರನೆಯ ಪದ್ಧತಿಯೇ ಅಪಾಯಕಾರಿ. ಡ್ಯೂಯಿ ಅಂಡ್ ಲಬೂಫ್ ಎಂಬ ನ್ಯೂಯಾರ್ಕಿನ ಸಂಸ್ಥೆಯು 2007ರಲ್ಲಿ ಎರಡು ಹಳೆಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. ಹೆಸರಾಂತ ವಕೀಲರನ್ನು ಸೆಳೆಯಲು ಮತ್ತು ಉಳಿಸಿಕೊಳ್ಳಲು ಸುಮಾರು ನೂರು ಪಾಲುದಾರರಿಗೆ ಅದು ಖಾತರಿಯ ಗಳಿಕೆಯ ವಾಗ್ದಾನ ನೀಡಿತು. 2008ರ ಆರ್ಥಿಕ ಬಿಕ್ಕಟ್ಟಿನಿಂದ ವ್ಯವಹಾರ ಕುಗ್ಗಿದರೂ ವಾಗ್ದಾನ ಕುಗ್ಗಲಿಲ್ಲ. 2010ರಲ್ಲಿ ಬಾಂಡುಗಳ ಮೂಲಕ ಸಾಲ ಎತ್ತಲಾಯಿತು. 2012ರ ಮೇ ತಿಂಗಳಲ್ಲಿ ಸಂಸ್ಥೆಯು ದಿವಾಳಿ ಅರ್ಜಿ ಸಲ್ಲಿಸಿತು. ಮಾಜಿ ಪಾಲುದಾರರು ತಾವು ಪಡೆದಿದ್ದ ಹಣದಲ್ಲಿ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು.

ನಮ್ಮ ಊರುಗಳ ಮಂಡಿ, ಮಿಲ್ಲುಗಳಲ್ಲಿಯೂ ಇದೇ ತಪ್ಪು ಸಣ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ಸುಮಾರು ಹತ್ತು ವರ್ಷಗಳ ಹಿಂದೆ ಇಬ್ಬರು ಸಹೋದರರ ಪಾಲುದಾರಿಕೆ ಪತ್ರದಲ್ಲಿ ತಲಾ ತಿಂಗಳಿಗೆ 50,000 ರೂಪಾಯಿ ಸಂಭಾವನೆಯೆಂದು ನಿಗದಿಪಡಿಸಲಾಗಿತ್ತು. ಆ ಕರಡನ್ನು ಸಿದ್ಧಪಡಿಸಿದವನು ನಾನೇ. ಒಂದು ವರ್ಷ ಸಂಭಾವನೆಗೆ ಮುಂಚಿನ ಲಾಭ 7 ಲಕ್ಷಕ್ಕೆ ಇಳಿಯಿತು. ಸಹೋದರರು ಪಡೆದದ್ದು 12 ಲಕ್ಷ. ಉಳಿದ 5 ಲಕ್ಷ ಬಂದದ್ದು ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ. ಕಾಯಿದೆಯ ಅಂದಿನ ಮಿತಿಯಂತೆ 5.10 ಲಕ್ಷ ಮಾತ್ರ ಕಳೆಯಲು ಅವಕಾಶವಿದ್ದುದರಿಂದ, ಪುಸ್ತಕದಲ್ಲಿ ನಷ್ಟವಿದ್ದರೂ 1.90 ಲಕ್ಷಕ್ಕೆ ತೆರಿಗೆ ಕಟ್ಟಬೇಕಾಯಿತು. ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ನನ್ನ ಮುಖ ನೋಡಿದರು. ಅಂದಿನಿಂದ ನಾನು ನಿಗದಿತ ಮೊತ್ತದ ಪತ್ರವನ್ನು ಬರೆದಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ, ಒಪ್ಪಂದವಿಲ್ಲದಿದ್ದಲ್ಲಿ ವ್ಯವಹಾರ ನೋಡಿಕೊಳ್ಳುವ ಪಾಲುದಾರನಿಗೆ ಸಂಭಾವನೆಯ ಹಕ್ಕೇ ಇಲ್ಲ, ಲಾಭ ಸಮಪಾಲು. ಆದುದರಿಂದ ಪತ್ರದ ಒಂದೊಂದು ಸಾಲಿಗೂ ಬೆಲೆಯಿದೆ. ಆದಾಯ ತೆರಿಗೆಯಲ್ಲಿ ಹಿಂದೆ ವೃತ್ತಿನಿರತರಿಗೆ ಒಂದು, ವರ್ತಕರಿಗೆ ಇನ್ನೊಂದು ಮಿತಿಯಿತ್ತು. 2009ರ ಹಣಕಾಸು ಕಾಯಿದೆಯ ನಂತರ ವಕೀಲರ ಕಚೇರಿಗೂ ಅಡಿಕೆ ಮಂಡಿಗೂ ಒಂದೇ ಮಿತಿ. 2024ರ ತಿದ್ದುಪಡಿಯಂತೆ ಸಂಭಾವನೆಗೆ ಮುಂಚಿನ ಲಾಭದ ಮೊದಲ 6 ಲಕ್ಷಕ್ಕೆ ಶೇ. 90 ಅಥವಾ 3 ಲಕ್ಷ, ಇವೆರಡರಲ್ಲಿ ಹೆಚ್ಚಿನದು. ಉಳಿದ ಲಾಭಕ್ಕೆ ಶೇ. 60. ಲಾಭ 20 ಲಕ್ಷವಿದ್ದರೆ ದುಡಿಯುವ ಪಾಲುದಾರರೆಲ್ಲರಿಗೂ ಸೇರಿ 13.80 ಲಕ್ಷ, ಹಳೆಯ ಮಿತಿಯಲ್ಲಿ ಇದು 12.90 ಲಕ್ಷವಿತ್ತು. 1961ರ ಕಾಯಿದೆಯ ಸ್ಥಾನದಲ್ಲಿ ಬಂದ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಮಿತಿ ಬದಲಾಗಿಲ್ಲ. ಆದರೆ ಹಳೆಯ ಪ್ರಮಾಣಗಳನ್ನೇ ಬರೆದಿಟ್ಟ ಪತ್ರಕ್ಕೆ ಹೊಸ ಮಿತಿಯ ಪ್ರಯೋಜನ ತಾನಾಗಿ ದೊರೆಯದು. ಹಿಂದಿನ ದಿನಾಂಕದಿಂದ ತಿದ್ದಲೂ ಬಾರದು.

1-4-2025ರಿಂದ ಇನ್ನೊಂದು ಹೊಣೆಯೂ ಸೇರಿದೆ. ಒಬ್ಬ ಪಾಲುದಾರನಿಗೆ ವರ್ಷದಲ್ಲಿ ಸಂದ ಸಂಭಾವನೆ, ಕಮಿಷನ್, ಬಡ್ಡಿ ಒಟ್ಟು 20,000 ರೂಪಾಯಿ ಮೀರಿದರೆ ಸಂಸ್ಥೆಯು ಶೇ. 10ರಂತೆ ತೆರಿಗೆಯನ್ನು ಮುರಿದುಕೊಂಡು ಕಟ್ಟಬೇಕು. ಹಣ ಕೈಗೆ ಕೊಡದೆ ಬಂಡವಾಳ ಖಾತೆಗೆ ಜಮಾ ಮಾಡಿದರೂ ಈ ನಿಯಮ ಅನ್ವಯಿಸುತ್ತದೆ. ಲಾಭದ ಪಾಲಿಗೆ ಅನ್ವಯಿಸದು.

ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನ ಸಲಹೆ ಇಷ್ಟೇ: ಸಂಭಾವನೆಯನ್ನು ಲಾಭದ ಪ್ರಮಾಣಕ್ಕೆ ಕಟ್ಟಿರಿ, ಒಟ್ಟು ಮೊತ್ತದಲ್ಲಿ ಯಾರಿಗೆ ಎಷ್ಟು ಭಾಗವೆಂಬುದನ್ನು, ಅವರವರು ದುಡಿಯುವ ಕೆಲಸ ನೋಡಿ, ಪತ್ರದಲ್ಲೇ ಸ್ಪಷ್ಟಪಡಿಸಿರಿ, ತಿಂಗಳ ಮನೆಖರ್ಚಿಗೆ ಪಡೆಯುವ ಹಣವನ್ನು ಮುಂಗಡವೆಂದು ಪರಿಗಣಿಸಿ, ವರ್ಷಾಂತ್ಯದಲ್ಲಿ ಸರಿಹೊಂದಿಸಿರಿ. ಅಣ್ಣತಮ್ಮಂದಿರ ನಡುವೆ ಲಿಖಿತ ಲೆಕ್ಕವೇಕೆಂದು ಕೆಲವರು ಆಕ್ಷೇಪಿಸುವರು. ನಂಬಿಕೆಯಿರುವಾಗಲೇ ಬರೆದಿಡುವುದು ಸುಲಭ. ಅದು ಮುರಿದ ಮೇಲೆ ಬರೆಯುವವರು ವಕೀಲರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ನ್ಯೂಯಾರ್ಕಿನ ವಕೀಲರಿಗೂ ನಮಗೂ ಸಮಾನವಾಗಿ ಅನ್ವಯಿಸುತ್ತದೆ.